ವಾಪಸ್ ಎಂಬ ಪದಕ್ಕೆ ಎರಡು ಬಾಗಿಲು

ಪೈಪು, ನಲ್ಲಿಗಳ ಆ ಸಗಟು ಮಳಿಗೆಯಲ್ಲಿ ಅವಳಿಗೆ ಹೆಸರು ಅಂತ ಇದ್ದದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ. ಉಳಿದೆಲ್ಲ ಕಡೆ ಅವಳು ಉಗ್ರಾಣದಕ್ಕ. ಲಾರಿಯಿಂದ ಮಾಲು ಇಳಿಸುವವರಿಗೂ ಅಕ್ಕ, ಅವಳಿಗಿಂತ ಹದಿನೈದು ವರ್ಷ ದೊಡ್ಡವರಾದ ಯಜಮಾನರಿಗೂ ಅಕ್ಕ. ಇಪ್ಪತ್ತೆರಡು ವರ್ಷದಿಂದ ಉಗ್ರಾಣದ ಬೀಗದಕೈ ಗೊಂಚಲು ಅವಳ ಸೊಂಟದಲ್ಲೇ ಇತ್ತು. ಕಣ್ಣು ಮುಚ್ಚಿ ಕೈಯಾಡಿಸಿದರೂ ಅರ್ಧ ಇಂಚಿನ ನಲ್ಲಿ ಯಾವುದು, ಮುಕ್ಕಾಲು ಇಂಚಿನದು ಯಾವುದು ಎಂದು ಹೇಳುವಷ್ಟು ಪಳಗಿದವಳು. ಕೊರತೆ ಅಂತ ಹೇಳುವುದಾದರೆ ಒಂದೇ, ಬಾಯಿ. ತೂಗದೆ ಮಾಲನ್ನು ಒಳಗೆ ಬಿಟ್ಟವಳಲ್ಲ. ಮಾತನ್ನು ಮಾತ್ರ ತೂಗದೆ ಹೊರಗೆ ಬಿಡುತ್ತಿದ್ದಳು.

ಮಳಿಗೆಗೆ ಮೂರು ಅಂಗಡಿ, ಒಂದು ಉಗ್ರಾಣ. ಮೂರು ಅಂಗಡಿಗೂ ಮೂರು ಬೇರೆ ಬೇರೆ ಕಾಲದ ಕಂಪ್ಯೂಟರು, ಒಂದರ ಮಾತು ಒಂದಕ್ಕೆ ತಿಳಿಯದು. ಪೈಪನ್ನು ಬಾಗಿಸುವ ಅದೇ ಒಂದು ತುಂಡಿಗೆ ಮೇಲಿನ ಅಂಗಡಿಯಲ್ಲಿ ‘ಮೊಣಕೈ’ ಎಂದು ಹೆಸರು, ಮೂಲೆ ಅಂಗಡಿಯಲ್ಲಿ ‘ಎಲ್ಬೋ’, ಕೆಳಗಿನ ಅಂಗಡಿಯಲ್ಲಿ ‘ಬೆಂಡು’. ಈ ಮೂರೂ ಒಂದೇ ಎಂದು ಬಲ್ಲವಳು ಉಗ್ರಾಣದಕ್ಕ ಒಬ್ಬಳೇ. ಅವಳ ಲೆಕ್ಕ ಕೈಬರಹದ ಪುಸ್ತಕದಲ್ಲಿತ್ತು. ಅದರ ಪಕ್ಕದಲ್ಲಿ ಇನ್ನೊಂದು ತೆಳು ಪುಸ್ತಕ, ‘ಬಾಗಿಲ ಪುಸ್ತಕ’. ಒಡೆದು ಬಂದದ್ದು, ಅಳತೆ ತಪ್ಪಿದ್ದು, ಬಾಗಿಲಲ್ಲೇ ತಡೆದು ಪಕ್ಕಕ್ಕೆ ಹಾಕಿದ್ದು, ಎಲ್ಲ ಅದರಲ್ಲಿ.

ಹೀಗಿರುವಾಗ ಯಜಮಾನರ ಅಳಿಯಂದಿರು ವ್ಯಾಪಾರಕ್ಕೆ ಕೈ ಹಚ್ಚಿದರು. ಕೈ ಹಚ್ಚಿ ಆರು ತಿಂಗಳಿಗೆ, ಇನ್ನು ನಾವು ಡೇಟಾ ವೇರ್‌ಹೌಸ್ ಕಟ್ಟುತ್ತೇವೆ ಎಂದು ಸಾರಿದರು.

“ಇರೋ ಉಗ್ರಾಣದ ಸೂರೇ ಸೋರ್ತಿದೆ, ಇನ್ನೊಂದು ಎಲ್ಲಿ ಕಟ್ಟಿಸ್ತೀರಿ ಅಳಿಯಂದ್ರೇ?” ಎಂದಳು ಅಕ್ಕ.

ಎಲ್ಲರೂ ನಕ್ಕರು.

“ಇದು ಇಟ್ಟಿಗೆದಲ್ಲ ಅಕ್ಕಾ, ಮಾಹಿತಿದು. ಮೂರೂ ಅಂಗಡಿ ಲೆಕ್ಕ ಒಂದೇ ಕಡೆ ತಂದು ಇಡೋದು. ತರೋಕೆ, ಹೊಂದಿಸೋಕೆ ಒಂದು ಸಾಫ್ಟ್‌ವೇರ್ ಟೂಲ್ ಬೇಕು. ಎರಡು ನೋಡಿದೀನಿ, ಹೋಲಿಸಿ ಒಂದು ತಗೋತೀವಿ.”

“ತರೋವಾಗ ಬಾಗಿಲಲ್ಲಿ ನಿಂತು ನೋಡೋರು ಯಾರು?”

ಮತ್ತೆ ನಗು. ಈ ಸಲ ಯಾಕೆ ನಗಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅಳಿಯಂದಿರು ನಕ್ಕರು, ಅದಕ್ಕೇ ನಕ್ಕರು.

ಹೋಲಿಕೆಗೆಂದು ಅಳಿಯಂದಿರು ಆಫೀಸಿನ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದರು. ಎರಡು ಟೂಲಿಗೆ ಎರಡು ಅಂಕಣ. ಮೊದಲನೆಯದು ಇನ್ನೂರು ಬಗೆಯ ಕಡೆಗಳಿಂದ ಲೆಕ್ಕ ಎಳೆದು ತರುತ್ತದೆ, ಮೌಸಿನಲ್ಲಿ ಗೆರೆ ಎಳೆದರೆ ಸಾಕು. ಎಲ್ಲವನ್ನೂ ಮೊದಲು ಒಳಗೆ ಸುರಿದುಕೊಂಡು ಆಮೇಲೆ ತಾನೇ ಹೊಂದಿಸುತ್ತದೆ, ಬಣ್ಣಬಣ್ಣದ ನಕ್ಷೆ ಬರೆಯುತ್ತದೆ. ಎರಡನೆಯದು ನೋಡಲು ಬೂದಿ ಬಣ್ಣ. ಬಾಗಿಲಲ್ಲೇ ನಿಲ್ಲಿಸಿ, ಕೇಳಿ, ತೊಳೆದು ಆಮೇಲೆ ಒಳಗೆ ಬಿಡುತ್ತದೆ, ಹಾಗಾಗಿ ನಿಧಾನ. ಸರಿ ಗುರುತುಗಳೆಲ್ಲ ಮೊದಲನೆಯದಕ್ಕೇ ಬಿದ್ದವು. ಅದನ್ನು ಮಾರಲು ಬಂದಿದ್ದವನು ಅಷ್ಟು ಸೆಖೆಯಲ್ಲೂ ಟೈ ಬಿಚ್ಚದ ಮನುಷ್ಯ. ಅವನು ತೋರಿಸಿದ ಮಾದರಿ ಲೆಕ್ಕದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಮಾರುವವನು ತಾನೇ ಆರಿಸಿ ತಂದ ಕಲ್ಲಂಗಡಿಯನ್ನು ತಾನೇ ಕೊಯ್ದು ತೋರಿಸಿದರೆ ಅದು ಕೆಂಪಗಿರದೆ ಇನ್ನೇನು? ಎರಡನೆಯದನ್ನು ತಂದವಳು ದಪ್ಪ ಕನ್ನಡಕದ ಹೆಂಗಸು. “ನಿಮ್ಮ ಲೆಕ್ಕಾನೇ ಕೊಡಿ, ಅದ್ರಲ್ಲೇ ತೋರಿಸ್ತೀನಿ” ಎಂದಳು. ಅಷ್ಟು ಹೊತ್ತು ಯಾರಿಗಿದೆ? ಟೈಯವನ ಟೂಲು ಒಂದು ತಿಂಗಳ ಪರೀಕ್ಷೆಗೆ ಬಂದು ಕೂತಿತು.

ತಿಂಗಳು ತುಂಬಿದ ಸೋಮವಾರ ಬೆಳಿಗ್ಗೆ ಅಳಿಯಂದಿರು ಎಲ್ಲರನ್ನೂ ಕೂರಿಸಿಕೊಂಡು ವರದಿ ಓದಿದರು.

“ಹಿತ್ತಾಳೆ ನಲ್ಲಿ, ಅರ್ಧ ಇಂಚು. ಮೂರು ಅಂಗಡಿ, ಉಗ್ರಾಣ ಎಲ್ಲಾ ಸೇರಿ ಎಣಿಸಿದೀವಿ. ಸಿಸ್ಟಮ್ ಹಾಕಿದ ಒಂದು ವರ್ಷದ ಲೆಕ್ಕದ ಪ್ರಕಾರ ಇರಬೇಕಾದ್ದಕ್ಕಿಂತ ಮುನ್ನೂರ ಹದಿನೆಂಟು ಕಡಿಮೆ.” ಹಾಳೆ ಮಡಿಸಿದರು. “ನಾನು ಯಾರ ಮೇಲೂ ಹೇಳ್ತಿಲ್ಲ. ಅಂಗಡೀಲಿ ನಾಲ್ಕು ಜನ ಓಡಾಡ್ತಾರೆ. ಉಗ್ರಾಣದ ಬೀಗದಕೈ ಮಾತ್ರ ಒಬ್ಬರ ಹತ್ರಾನೇ ಇರೋದು. ಅಷ್ಟೇ.”

ಯಾರ ಮೇಲೂ ಹೇಳದ ಮಾತು ನೇರವಾಗಿ ಹೋಗಿ ಅವಳ ಮೇಲೆ ಕೂತಿತು. ಹನ್ನೊಂದು ಜನ ಅವಳ ಕಡೆ ತಿರುಗಿದರು. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

“ನಲ್ಲಿ ಕದ್ದು ನಾನೇನು ಮನೇಲಿ ಮುನ್ನೂರು ಕಡೆ ಕೈ ತೊಳೀಲಾ? ನಮ್ಮನೇಲಿರೋದೇ ಎರಡು ನಲ್ಲಿ, ಅದರಲ್ಲೊಂದು ಬರೀ ಗಾಳಿ ಬಿಡುತ್ತೆ!”

ಯಾರೂ ನಗಲಿಲ್ಲ. ಅವಳು ಯಜಮಾನರ ಮುಖ ನೋಡಿದಳು. ಅವರು ಎದುರಿಗಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಹೇಳಿದರು: “ಎರಡು ದಿನ ಬೀಗದಕೈ ಇಲ್ಲೇ ಇರ್ಲಿ ಅಕ್ಕಾ. ಎಲ್ಲಾ ಇತ್ಯರ್ಥ ಆಗೋ ತನಕ.”

ಅಳಿಯ ಅಂದದ್ದು ಸಿಟ್ಟು ತರಿಸಿತ್ತು. ಇದು ಕರುಳಿಗೇ ತಾಗಿತು. ಗೊಂಚಲನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದು ಮರ್ಯಾದೆಯ ಮಾತು. ಮೇಜಿನ ಗಾಜು ಬಿರುಕು ಬಿಟ್ಟಿತು.

ಸಂಜೆ ಮನೆಯ ಬಾಗಿಲು ತಳ್ಳಿದಾಗ ಒಳಗಿನ ಮಂಚದಿಂದ ಅತ್ತೆ ಕೂಗಿದರು, “ಯಾರದು?” ಅತ್ತೆಗೆ ಕಣ್ಣು ಮಂಜು. ಸೊಸೆ ಬರುವುದು ಅವರಿಗೆ ಗೊಂಚಲಿನ ಸದ್ದಿನಿಂದಲೇ ತಿಳಿಯುತ್ತಿತ್ತು.

“ನಾನೇ ಅತ್ತೆ.”

“ಸದ್ದೇ ಇಲ್ವಲ್ಲೇ! ಬೆಕ್ಕು ನುಗ್ತೇನೋ ಅಂದ್ಕೊಂಡು ಕೋಲು ಹುಡುಕ್ತಿದ್ದೆ.”

ಅವಳು ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತಲೇ ಪಾತ್ರೆ ತೊಳೆದಳು. ಆ ಸದ್ದಿನಲ್ಲಿ ಅತ್ತೆಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ.

“ಈಗ ಬೀಗದಕೈ ವಾಪಸ್ ಆಯ್ತಾ?”

“ಹ್ಞೂಂ, ಆಯ್ತು.”

“ಬಂತಲ್ಲ, ಮತ್ಯಾಕೆ ಪಾತ್ರೆ ಮೇಲೆ ಕೋಪ?”

“ಬಂದಿಲ್ಲ ಅತ್ತೆ, ಹೋಯ್ತು! ನಾನು ಅವರಿಗೆ ವಾಪಸ್ ಕೊಟ್ಟೆ!”

“ಹಾಗಂತ ಸರಿಯಾಗಿ ಹೇಳು. ವಾಪಸ್ ಅಂದ್ರೆ ಬಂದಿದ್ದಾ ಹೋಗಿದ್ದಾ ಅಂತ ನಾನು ಮುಖ ನೋಡಿ ತಿಳ್ಕೊಳೋಕೆ ನಂಗೆ ಕಣ್ಣಿದೆಯಾ?”

ಅಕ್ಕನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಅವಳು ಬಾಗಿಲ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಕೆಳಗಿನ ಅಂಗಡಿಗೆ ಹೋದಳು. ಅಲ್ಲಿ ಗಲ್ಲಾದ ಮುಂದೆ ಕೂರುವವರನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಗಿರಾಕಿಗೆ ‘ಇಲ್ಲ’ ಎನ್ನುವ ಪದವನ್ನೇ ಹೇಳದೆ ಮೂವತ್ತು ವರ್ಷ ಮಾರಿದವರು.

“ಮಾವ, ಒಡೆದ ನಲ್ಲಿ ನಂಗೆ ಕಳಿಸ್ತೀರಲ್ಲ, ಕಂಪ್ಯೂಟರಲ್ಲಿ ಏನಂತ ಬರೀತೀರಿ?”

“ವಾಪಸ್ ಅಂತ.”

“ಒಡೆದದ್ದು ಅಂತ ಯಾಕೆ ಬರೆಯಲ್ಲ?”

ಮಾವ ಕಂಪ್ಯೂಟರಿನ ಪರದೆ ತೋರಿಸಿದರು. ಅದು ಗಿರಾಕಿ ನಿಲ್ಲುವ ಕಡೆಗೇ ತಿರುಗಿತ್ತು. “ನಿಂತೋರ ಕಣ್ಣಿಗೆ ಒಡೆದದ್ದು, ಒಡೆದದ್ದು ಅಂತ ಹತ್ತು ಸಾಲು ಬಿದ್ರೆ ಒಂದು ನಲ್ಲಿ ಮಾರೋಕಾಗುತ್ತೇನಮ್ಮ? ವಾಪಸ್ ಅಂದ್ರೆ ಗೌರವವಾಗಿರುತ್ತೆ.”

“ಮೇಲಿನ ಅಂಗಡೀಲಿ ಗಿರಾಕಿ ಬೇಡ ಅಂತ ತಂದುಕೊಟ್ಟಿದ್ದಕ್ಕೆ ವಾಪಸ್ ಅಂತಾರೆ. ಅದು ಒಳಗೆ ಬರೋ ಮಾಲು.”

“ಅವರಿಗೆ ಬರುತ್ತೆ, ನಮ್ಗೆ ಹೋಗುತ್ತೆ. ನನ್ನ ಮೆಷಿನ್‌ಗೆ ಗೊತ್ತು, ಸರಿಯಾಗೇ ಕಳೆಯುತ್ತೆ.”

ಮಾವನ ಪಟ್ಟಿಯಲ್ಲಿ ವರ್ಷಕ್ಕೆ ನೂರ ಐವತ್ತೊಂಬತ್ತು ನಲ್ಲಿ ವಾಪಸ್. ಬಾಗಿಲ ಪುಸ್ತಕದಲ್ಲಿ ಅದೇ ಅಂಗಡಿಯಿಂದ ಒಡೆದು ಬಂದು, ಅವಳ ಕೈಯಿಂದಲೇ ಕಾರ್ಖಾನೆಗೆ ಹೋದವು ನೂರ ಐವತ್ತೊಂಬತ್ತು. ಕಳೆಯಬೇಕಾದ್ದನ್ನು ಹೊಸ ಟೂಲು ಮೇಲಿನ ಅಂಗಡಿಯ ಅರ್ಥದಲ್ಲಿ ಕೂಡಿಕೊಂಡಿದ್ದರೆ ತಪ್ಪು ಇಮ್ಮಡಿ. ಎರಡು ಸಲ ನೂರ ಐವತ್ತೊಂಬತ್ತು. ಅವಳು ಬೆರಳು ಮಡಿಸಬೇಕಾಗಿಯೇ ಬರಲಿಲ್ಲ.

ಬುಧವಾರ ಆಫೀಸಿಗೆ ಎರಡೂ ಟೂಲಿನವರನ್ನು ಕರೆಸಬೇಕೆಂದು ಅವಳೇ ಹಟ ಹಿಡಿದಳು. ಕೆಳಗಿನ ಅಂಗಡಿಯ ಒಂದು ವರ್ಷದ ಲೆಕ್ಕ ಇಬ್ಬರ ಮುಂದೆಯೂ ಇಟ್ಟಳು.

“ಸ್ವಾಮಿ,” ಎಂದಳು ಟೈಯವನಿಗೆ, “ಮುನ್ನೂರ ಹದಿನೆಂಟು ಕಡಿಮೆ ಅಂತ ನಿಮ್ಮ ಮೆಷಿನ್ನು ಹೇಳ್ತಲ್ಲ. ಆ ಅಂಕಿ ಯಾವ ಸಾಲಿಂದ ಹುಟ್ತು, ತೋರಿಸಿ.”

ಅವನು ಒತ್ತಿದ. ಬಣ್ಣದ ನಕ್ಷೆ ಬಂತು. ಮತ್ತೆ ಒತ್ತಿದ. ಇನ್ನೊಂದು ಬಣ್ಣ ಬಂತು. “ಮೇಡಂ, ಒಂದೇ ಹೆಸರಿನ ಅಂಕಣಗಳನ್ನು ಅದು ತಾನಾಗೇ ಜೋಡಿಸಿಕೊಳ್ಳುತ್ತೆ. ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.”

“ನನ್ನ ತಲೆ ಕೆಡಿಸೋದಷ್ಟೇ ಅಲ್ಲ, ತಲೇನೇ ತೆಗೀತಿತ್ತಲ್ಲ ನಿಮ್ಮ ಮೆಷಿನ್ನು!”

ಕನ್ನಡಕದವಳು ಮಧ್ಯೆ ಬಂದಳು. “ನಿಜ ಹೇಳ್ಬಿಡ್ತೀನಕ್ಕಾ. ವಾಪಸ್ ಅಂದ್ರೆ ಬರೋದಾ ಹೋಗೋದಾ ಅಂತ ನನ್ನ ಟೂಲ್‌ಗೂ ಗೊತ್ತಿಲ್ಲ. ಜಗತ್ತಲ್ಲಿ ಯಾವ ಟೂಲ್‌ಗೂ ಗೊತ್ತಿರಲ್ಲ. ಆದ್ರೆ ಇದು ನೋಡಿ.” ಬೂದಿ ಬಣ್ಣದ ಪರದೆಯಲ್ಲಿ ಒಂದು ಪಟ್ಟಿ ಬಂತು. ಬಾಗಿಲಲ್ಲಿ ತಡೆದು ನಿಲ್ಲಿಸಿದ ಸಾಲುಗಳು: ಯಾವ ಅಂಗಡಿ, ಯಾವ ದಿನ, ಯಾಕೆ ನಿಲ್ಲಿಸಿದ್ದು. ಕೆಳಗಿನ ಅಂಗಡಿಯ ವಾಪಸ್ಸುಗಳೆಲ್ಲ ಅಲ್ಲಿದ್ದವು, ಎದುರಿಗೆ ಒಂದೇ ಮಾತು: ‘ಇದನ್ನು ಕೂಡಿದರೆ ಅಂಗಡಿಯ ಸ್ವಂತ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ, ಬಲ್ಲವರನ್ನು ಕೇಳಿ.’

ಅಕ್ಕ ಬಾಗಿಲ ಪುಸ್ತಕವನ್ನು ತೆರೆದು ಅದರ ಪಕ್ಕದಲ್ಲಿಟ್ಟಳು. ಒಂದು ಮಸಿಯದು, ಒಂದು ಬೆಳಕಿನದು. ಸಾಲುಗಳು ಮಾತ್ರ ಅವೇ. ಯಜಮಾನರು ಕನ್ನಡಕ ಏರಿಸಿ ಎರಡನ್ನೂ ಬೆರಳಿಟ್ಟು ಓದಿದರು. ಓದಿ ಮುಗಿಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಓದಿದರು. ಆಮೇಲೆ ಎದ್ದು ಹೋಗಿ ಗೋಡೆಯ ಹಾಳೆಯನ್ನು ತಾವೇ ಕಿತ್ತು ಹಾಕಿದರು.

“ಸಿಸ್ಟಮ್ ತಪ್ಪಾಗಿತ್ತು ಅಕ್ಕಾ,” ಎಂದರು ಅಳಿಯಂದಿರು, ನಲ್ಲಿಯೊಂದು ಹನಿ ಬಿಡುವಷ್ಟು ಸಣ್ಣ ಸ್ವರದಲ್ಲಿ.

“ಸಿಸ್ಟಮ್ ನನ್ನ ಮುಖ ನೋಡ್ಲಿಲ್ಲ ಅಳಿಯಂದ್ರೇ. ನೀವು ನೋಡಿದ್ರಿ. ಹನ್ನೊಂದು ಜನರಿಗೆ ನೋಡಿ ಅಂತ ತೋರಿಸಿದ್ರಿ. ಆ ಹನ್ನೊಂದು ಜನಾನೂ ಮತ್ತೆ ಇಲ್ಲೇ ಕೂರಲಿ. ಆ ಕಾಗದ ಓದಿದ ಬಾಯಲ್ಲೇ ಇದನ್ನೂ ಓದಿ.”

ಕೂರಿಸಿದರು. ಓದಿದರು. ಮಾವನನ್ನೂ ಕರೆಸಿದ್ದರು, ಅವರು ಮಾತ್ರ, “ವಾಪಸ್ ಅಂದ್ರೆ ಗೌರವ ಅಂತ ಬರೆದೆ, ಇಷ್ಟು ಅವಮಾನ ಆಗುತ್ತೆ ಅಂತ ಗೊತ್ತಿರ್ಲಿಲ್ಲ” ಎಂದು ಪೇಚಾಡಿಕೊಂಡರು. ಟೈಯವನು ಯಾವಾಗ ಎದ್ದು ಹೋದನೋ ಯಾರಿಗೂ ತಿಳಿಯಲಿಲ್ಲ. ಕನ್ನಡಕದವಳ ಟೂಲು ಉಳಿಯಿತು. ಅದು ತಡೆದು ನಿಲ್ಲಿಸಿದ ಸಾಲುಗಳನ್ನು ದಿನವೂ ನೋಡಿ ಅರ್ಥ ಹೇಳಬೇಕಾದ ಬಲ್ಲವರು ಯಾರು ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಎಲ್ಲರೂ ಎದ್ದ ಮೇಲೆ ಯಜಮಾನರು ಗೊಂಚಲನ್ನು ಬಿರುಕು ಬಿಟ್ಟ ಗಾಜಿನ ಮೇಲೆ ಅವಳ ಕಡೆ ಮೆಲ್ಲಗೆ ಸರಿಸಿದರು. “ತಗೋ ಅಕ್ಕಾ. ವಾಪಸ್.”

ಅವಳು ಕೈ ಚಾಚಲಿಲ್ಲ.

“ಬರೋದಾ, ಹೋಗೋದಾ ಯಜಮಾನ್ರೇ? ಸರಿಯಾಗಿ ಹೇಳಿ.”

ಅವರು ಪೆನ್ನಿನ ಮುಚ್ಚಳ ಮುಟ್ಟಿದರು, ಬಿಟ್ಟರು. “ಬರೋದು. ನಾನು ಬೀಗದಕೈ ಕೇಳಬಾರದಿತ್ತು. ತಪ್ಪು ನಂದು.”

ಅವಳು ಗೊಂಚಲು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಸುವ ಆತುರವೂ ಅವಳಿಗಿರಲಿಲ್ಲ. ಆ ಸಂಜೆ ಮನೆಯ ತಿರುವಿನಿಂದಲೇ ಬೇಕೆಂದು ಗೊಂಚಲು ಕುಲುಕುತ್ತ ನಡೆದಳು. ಒಳಗಿನಿಂದ ಅತ್ತೆ ಕೂಗಿದರು:

“ಕೇಳಿಸ್ತು ಕಣೇ, ಕೇಳಿಸ್ತು! ಬೀದಿಗೆಲ್ಲಾ ಕೇಳಿಸ್ತು!”