ಗಟ್ಟಿ ಎಂದು ಕೇಳಿಸಿದ್ದು

ಬೀದಿಗೆಲ್ಲ ಅವರು ಬೀಗದಜ್ಜ. ಬೀಗ ರಿಪೇರಿ ಕಸುಬು, ಕೀಲಿ ಕಳೆದುಕೊಂಡು ಬಂದವರನ್ನು ಬೈಯುವುದು ಹವ್ಯಾಸ. "ಊರಿಗೆಲ್ಲ ಬೀಗ ಮಾಡಿಕೊಡ್ತೀರಿ, ನಿಮಗೆ ಮಾತ್ರ ಒಬ್ಬರೂ ಬೀಗರಿಲ್ಲ ನೋಡಿ" ಎಂದು ಪಕ್ಕದ ಸೈಕಲ್ ಅಂಗಡಿಯವನು ರೇಗಿಸುತ್ತಿದ್ದ. ಮಾತೇನೋ ನಿಜ. ಮೊಮ್ಮಗಳು ಎಲ್ಲ ಮಕ್ಕಳಂತೆ ಎದ್ದು ಓಡಾಡುವವಳಲ್ಲ ಎಂದು ಗೊತ್ತಾದ ಮೇಲೆ ಅಳಿಯನೂ ಅವನ ಕಡೆಯವರೂ ಇತ್ತ ತಲೆ ಹಾಕಿರಲಿಲ್ಲ. "ಅಂಥ ಬೀಗರಿಗಿಂತ ಈ ತುಕ್ಕು ಹಿಡಿದ ಬೀಗಗಳೇ ವಾಸಿ ಕಣೋ, ಎಣ್ಣೆ ಬಿಟ್ಟರೆ ಬಾಯಾದ್ರೂ ಬಿಡ್ತವೆ" ಎಂದು ಅಜ್ಜ ತಿರುಗೇಟು ಕೊಡುತ್ತಿದ್ದರು.

ಮಗಳು ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೊರಟಳೆಂದರೆ ಮನೆಯಲ್ಲಿ ಉಳಿಯುವವರು ಅಜ್ಜ, ಮೊಮ್ಮಗಳು ಇಬ್ಬರೇ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾದ ಹುಡುಗಿ. ಕತ್ತು ನಿಲ್ಲುವುದಿಲ್ಲ, ಮಾತು ಬರುವುದಿಲ್ಲ. ಬೇಕೆಂದರೆ ಹುಬ್ಬು ಏರಿಸುತ್ತಾಳೆ, ಬೇಡವೆಂದರೆ ತುಟಿ ಬಿಗಿಯುತ್ತಾಳೆ. ಅಷ್ಟರಲ್ಲೇ ಅಜ್ಜನನ್ನು ಕುಣಿಸುತ್ತಿದ್ದಳು. ಅಜ್ಜ ಅವಳನ್ನು ಕರೆಯುತ್ತಿದ್ದುದೇ ಮಹಾರಾಣಿ ಎಂದು.

ಮಹಾರಾಣಿಗೆ ಊಟ ಮಾಡಿಸುವುದು ಹುಡುಗಾಟದ ಕೆಲಸವಲ್ಲ. ಅನ್ನ, ತರಕಾರಿ ಮೆತ್ತಗೆ ಬೇಯಿಸಬೇಕು, ಮಿಕ್ಸಿಗೆ ಹಾಕಬೇಕು, ಒಂದು ಎಳೆ ನಾರೂ ಉಳಿಯದ ಹಾಗೆ ಸೋಸಬೇಕು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಪಟ್ಟಿ ಕಟ್ಟಿ, ಕತ್ತಿನ ಎರಡೂ ಕಡೆ ದಿಂಬು ಒತ್ತಿ, ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ಬಾಯಿಗಿಟ್ಟು ಕಾಯಬೇಕು. ಗಂಟಲು ಒಮ್ಮೆ ಏರಿ ಇಳಿಯಬೇಕು. ಆಮೇಲೆ ಇನ್ನೊಂದು ಚಮಚ. ಗಿರಾಕಿ ಎರಡು ಸಲ ಕರೆದರೆ ಸಿಡಿಮಿಡಿಗೊಳ್ಳುವ ಮನುಷ್ಯನಿಗೆ ಈ ತಾಳ್ಮೆ ಎಲ್ಲಿಂದ ಬರುತ್ತಿತ್ತೋ ದೇವರೇ ಬಲ್ಲ.

ಇಷ್ಟು ಮಾಡಿದರೂ ಊಟವಾದ ಮೇಲೆ ಕೆಮ್ಮು, ಎದೆಯಲ್ಲಿ ಗೊರಗೊರ, ಮೇಲಿಂದ ಮೇಲೆ ಜ್ವರ. ಕೊನೆಗೆ ಆಸ್ಪತ್ರೆಯಲ್ಲಿ, ನುಂಗಿದ್ದು ಎಲ್ಲಿಗೆ ಹೋಗುತ್ತದೆಂದು ನೋಡುವ ಪರೀಕ್ಷೆ ಮಾಡಿಸಿದ್ದರು. ಮಕ್ಕಳಿಗೆ ನುಂಗುವುದನ್ನು ಕಲಿಸುವ ಮೇಡಂ ಅದರ ಫಲಿತಾಂಶವನ್ನು ಮಗಳಿಗೆ ಫೋನಿನಲ್ಲಿ ತಿಳಿಸಿದರು. ಮಗಳು ಕೂಡಲೇ ಹೊಲಿಗೆ ಯಂತ್ರಗಳ ಗದ್ದಲದ ನಡುವಿನಿಂದಲೇ ಅಪ್ಪನಿಗೆ ಫೋನು ಹಚ್ಚಿದಳು.

"ಅಪ್ಪಾ, ತೆಳ್ಳಗಿರೋದು ಅವಳಿಗೆ ಆಗಲ್ವಂತೆ. ಇನ್ಮೇಲೆ ಏನು ಕೊಟ್ರೂ..."

"ಏನು? ಕೇಳಿಸ್ತಿಲ್ಲ, ಗಟ್ಟಿಯಾಗಿ ಹೇಳಮ್ಮಾ!"

"ಗಟ್ಟಿ ಅಪ್ಪಾ, ಗಟ್ಟಿ! ಗಟ್ಟಿಯಾಗಿ ಕೊಡ್ಬೇಕಂತೆ! ಸೂಪರ್‌ವೈಸರ್ ಬಂದ್ರು, ಇಡ್ತೀನಿ."

ಅಜ್ಜ ಫೋನು ಹಿಡಿದುಕೊಂಡು ನಿಂತೇಬಿಟ್ಟರು. ಗಟ್ಟಿ ಪದಾರ್ಥ! ಅಂದರೆ ಅಗಿದು ತಿನ್ನಬಹುದು! ಒಂದು ಸಲ ತಿರುಗಿ ಕೇಳಬಾರದಿತ್ತೆ? ಕೇಳಬೇಕಿತ್ತು. ಆದರೆ ವರ್ಷಗಟ್ಟಲೆ ಇದೊಂದು ಮಾತಿಗೆ ಬಾಯಿ ಬಾಯಿ ಬಿಟ್ಟುಕೊಂಡು ಕಾದವರಿಗೆ ಅನುಮಾನ ಎಲ್ಲಿಂದ ಬರಬೇಕು? ಕಣ್ಣಲ್ಲಿ ನೀರೇ ಬಂತು.

"ಕೇಳಿದ್ರಾ ಮಹಾರಾಣಿಯವರೇ? ನಿಮಗೆ ಪ್ರಮೋಷನ್ ಸಿಕ್ಕಿದೆ!"

ಅಜ್ಜ ಸೇಬು ಕಚ್ಚುವಾಗಲೆಲ್ಲ ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅದಕ್ಕೇ ಸೇಬಿನ ಒಂದು ಸಣ್ಣ ಹೋಳು ಕತ್ತರಿಸಿದರು. ಸಿಪ್ಪೆ ತೆಗೆದರು. ಬೇಕೇ ಎಂದರು. ಹುಬ್ಬು ಹಣೆಯ ಮೇಲಕ್ಕೇ ಹೋಯಿತು. ನಾಲಿಗೆಯ ಮೇಲಿಟ್ಟರು.

ಅವಳ ಬಾಯಿ ತೆರೆದೇ ಇತ್ತು, ಕಣ್ಣು ಅರಳಿತ್ತು. ನಗುತ್ತಿದ್ದಾಳೆ ಅಂದುಕೊಂಡು ಅಜ್ಜನೂ ನಕ್ಕರು. ನಗುವಿಗೆ ಸದ್ದಿರಲಿಲ್ಲ. ಕೆಮ್ಮೂ ಇರಲಿಲ್ಲ. ತುಟಿ ನೀಲಿಯಾಗತೊಡಗಿದಾಗಲೇ ಅದು ನಗುವಲ್ಲವೆಂದು ಅಜ್ಜನಿಗೆ ತಿಳಿದದ್ದು. ಉಸಿರು ಕಟ್ಟಿದರೆ ಮಗು ಒದ್ದಾಡಿ ಕಿರುಚುತ್ತದೆ ಎಂದು ನಂಬಿದ್ದವರು ಅವರು. ಹೀಗೆ ಸದ್ದಿಲ್ಲದೆ, ತಮ್ಮ ಮುಖವನ್ನೇ ನೋಡುತ್ತಾ ಹೋಗಿಬಿಡುತ್ತದೆಂದು ಯಾರಿಗೆ ಗೊತ್ತಿತ್ತು!

ಪಟ್ಟಿ ಬಿಚ್ಚಲು ಬೆರಳು ಬರಲಿಲ್ಲ. ಎಂಥೆಂಥ ಬೀಗ ಬಿಚ್ಚಿದ ಬೆರಳುಗಳು! ಕಿತ್ತರು. ಕುರ್ಚಿ ದಡಾರನೆ ಬಿತ್ತು. ಮಗುವನ್ನು ತೊಡೆಯ ಮೇಲೆ ತಲೆಕೆಳಗಾಗಿ ಮಲಗಿಸಿ ಬೆನ್ನಿಗೆ ಗುದ್ದಿದರು. ಏನೂ ಬರಲಿಲ್ಲ. "ಅಯ್ಯೋ, ಯಾರಾದ್ರೂ ಬನ್ರೋ!" ಎನ್ನುತ್ತಾ ಮತ್ತೆ ಗುದ್ದಿದರು. ಸದ್ದು ಕೇಳಿ ಸೈಕಲ್ ಅಂಗಡಿಯವನು ಓಡಿ ಬರುವಷ್ಟರಲ್ಲಿ ಹೋಳು ನೆಲಕ್ಕೆ ಬಿತ್ತು. ಮಗು ಉಸಿರೆಳೆದು ಕಿಟಾರನೆ ಅತ್ತಿತು. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ಸೈಕಲ್ ಅಂಗಡಿಯವನೇ. ಅಜ್ಜ ಹಿಂದೆ ಬರಿಗಾಲಲ್ಲಿ ಓಡಿದರು.

ಎದೆಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಮಗಳು ಬಂದವಳೇ ಮಗುವನ್ನು ಎದೆಗವಚಿಕೊಂಡು ಅಪ್ಪನ ಕಡೆ ತಿರುಗಿದಳು.

"ಸೇಬು ಯಾಕಪ್ಪಾ ಕೊಟ್ರಿ? ನಿಮಗೇನಾಗಿತ್ತು?"

"ನೀನೇ ಅಲ್ವೇನಮ್ಮಾ ಗಟ್ಟಿ ಕೊಡು ಅಂದಿದ್ದು?"

ಮಗಳ ಮುಖ ಬಿಳಚಿಕೊಂಡಿತು. "ಗಟ್ಟಿ ಅಂದ್ರೆ... ಹಾಲು, ನೀರು, ಗಂಜಿ, ಎಲ್ಲಾನೂ ಆಸ್ಪತ್ರೇಲಿ ಕೊಡೋ ಪುಡಿ ಹಾಕಿ ಗಟ್ಟಿ ಮಾಡೋದು ಅಪ್ಪಾ. ತೆಳ್ಳಗಿದ್ರೆ ಶ್ವಾಸಕೋಶಕ್ಕೆ ಇಳಿಯುತ್ತಂತೆ." ಮಗುವಿನ ಬೆನ್ನು ಸವರಿದಳು. "ಮೇಡಂ ಗಟ್ಟಿ ಅನ್ನಲೇ ಇಲ್ಲ. ಮಂದ ಮಾಡಿ ಕೊಡಿ ಅಂದ್ರು. ಆ ಪದ ನಮ್ಮನೇಲಿ ಆಡೋ ಹಾಗಿಲ್ವಲ್ಲ. ಬಾಯಿಗೆ ಬಂದಿದ್ದನ್ನ ನುಂಗಿಕೊಂಡು ಗಟ್ಟಿ ಅಂದೆ."

ಅಜ್ಜ ದಂಗಾಗಿ ಹೋದರು. ಆಡಬಾರದೆಂದವರು ಅವರೇ. ಹಿಂದೊಮ್ಮೆ ಶಾಲೆಗೆ ಸೇರಿಸಲು ಹೋದಾಗ ಅಲ್ಲಿನವರು "ಮಂದಬುದ್ಧಿ ಮಕ್ಕಳು ನಮ್ಮಲ್ಲಿ ಬೇಡ" ಎಂದಿದ್ದರು. ಅಜ್ಜ ಮೇಜು ಕುಟ್ಟಿ ರಂಪ ಮಾಡಿ ಬಂದಿದ್ದರು. ಮನೆಗೆ ಬಂದು, "ಈ ಹೊಸ್ತಿಲೊಳಗೆ ಆ ಮಾತು ಯಾರ ಬಾಯಲ್ಲಿ ಬಂದ್ರೂ ನಾನು ಸುಮ್ಮನಿರೋನಲ್ಲ" ಎಂದು ಗುಡುಗಿದ್ದರು. ಅಂದಿನಿಂದ ಆ ಮನೆಯಲ್ಲಿ ಬೆಳಕು ಮಂದವಾಗಲಿಲ್ಲ, ಹಾಲು ಮಂದವಾಗಲಿಲ್ಲ. ಮಗುವಿನ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದರು. ಆ ಕಟ್ಟಳೆಯೇ ಮಗುವಿನ ಕುತ್ತಿಗೆಗೆ ಬಂದಿತ್ತಲ್ಲ!

ಸಂಜೆ ಮನೆಯಲ್ಲಿ ಮಗಳು ಹಾಲಿಗೆ ಪುಡಿ ಕದಡಿ ಚಮಚ ಹಿಡಿದಳು. ಮಗು ತುಟಿ ಬಿಗಿದುಕೊಂಡಿತು. ರಮಿಸಿದಳು, ಗದರಿದಳು. ಊಹೂಂ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ.

"ನೀವೇ ಬನ್ನಿ ಅಪ್ಪಾ."

"ನನ್ನ ಕೈಯಲ್ಲಾಗಲ್ಲ. ಕೊಂದುಬಿಡ್ತಿದ್ದೆ ಕಣಮ್ಮಾ."

"ನನ್ನ ಕೈಲಿ ಕುಡೀತಿಲ್ವಲ್ಲ, ಏನು ಮಾಡ್ಲಿ?"

ಅಜ್ಜ ಬಂದು ಎದುರು ಕೂತರು. ಚಮಚ ಹಿಡಿದರು. ಮಗು ಚಮಚದಲ್ಲಿ ಏನಿದೆ ಎಂದು ನೋಡಲೇ ಇಲ್ಲ. ಅಜ್ಜನ ಮುಖ ನೋಡಿತು, ದೊಡ್ಡದಾಗಿ ಬಾಯಿ ತೆರೆಯಿತು. ಅಜ್ಜ ಬಾಯಿಗಿಡಲಿಲ್ಲ. ಬಟ್ಟಲಿನ ಮೇಲೆ ಚಮಚ ಓರೆ ಮಾಡಿ ನೋಡಿದರು. ಹಾಲು ಸರಸರನೆ ಹರಿದು ಬಟ್ಟಲಿಗೆ ಬಿತ್ತು.

"ಇದು ಸಾಲದಮ್ಮಾ. ಇನ್ನೂ ಸ್ವಲ್ಪ..." ಎಂದರು. ಮಗಳು ಪುಡಿಯ ಡಬ್ಬಿ ಹಿಡಿದು ಕಾಯುತ್ತಿದ್ದಳು. ಮಗುವೂ ಬಾಯಿ ತೆರೆದೇ ಕಾಯುತ್ತಿತ್ತು.

"ಮಂದ," ಎಂದರು ಅಜ್ಜ. "ಇನ್ನೂ ಮಂದ ಮಾಡು."