ನಡೆದುಹೋದ ಕಲ್ಲು ಮತ್ತು ವಾಟರ್‌ಮ್ಯಾನ್ ಭೀಮಬಾಯಿ

ಕಾಲೇಜಿನಲ್ಲಿದ್ದಾಗ ‘ಭಾನಾಮತಿ: ಒಂದು ಮೂಢನಂಬಿಕೆ’ ಎಂಬ ನನ್ನ ಪ್ರಬಂಧಕ್ಕೆ ಎರಡನೇ ಬಹುಮಾನ ಬಂದಿತ್ತು. ಆಗ ಕೊಟ್ಟ ಸ್ಟೀಲ್ ಡಬ್ಬಿಯಲ್ಲೇ ಇಂದಿಗೂ ಊಟ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತೇನೆ. ಅದೇ ಡಬ್ಬಿ ಬೆನ್ನಿನ ಚೀಲದಲ್ಲಿ ಗಲಗಲ ಎನ್ನುತ್ತಿರುವಾಗ, ಹಾಡಹಗಲು ಹನ್ನೊಂದು ಗಂಟೆಗೆ, ಭಾನಾಮತಿಯ ಮಾಟಕ್ಕೆ ಹೆದರಿ ನಾನು ಓಡಿದ್ದೇನೆ.

ಅದು ಭಾಲ್ಕಿ ತಾಲೂಕಿನ ಒಂದು ಊರು. ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ಓದಿ, ‘ಓಡಿಹೋದ ಇಂಜಿನಿಯರ ನೀವೇ ಏನ್ರಿ?’ ಎಂದು ಫೋನ್ ಮಾಡುತ್ತಾರೆ. ನಾನು ಇಂಜಿನಿಯರೂ ಅಲ್ಲ. ಡಿಪ್ಲೊಮಾ ಮುಗಿಸಿ ಒಬ್ಬ ಗುತ್ತಿಗೆದಾರರ ಬಳಿ ಲೆವೆಲ್ ನೋಡುವ ಕೆಲಸಕ್ಕೆ ಇದ್ದೇನೆ. ಮೂರು ಕಾಲಿನ ಯಂತ್ರಕ್ಕೆ ಒಂದು ಕಣ್ಣಿಟ್ಟು, ದೂರದಲ್ಲಿ ನಿಲ್ಲಿಸಿದ ಅಳತೆ ಕೋಲು ನೋಡಿ, ನೆಲ ಎಲ್ಲಿ ಎಷ್ಟು ಎತ್ತರ ಇದೆ ಎಂದು ಬರೆದುಕೊಡುವವನು. ಮನೆಯಲ್ಲಿ ಅವ್ವ ಹೇಳುವ ಪ್ರಕಾರ, ಕಣ್ಣು ಮುಚ್ಚಿ ಸಂಬಳ ತಗೊಳ್ಳುವವರು ಬಹಳ ಜನ ಇದ್ದಾರೆ, ಒಂದೇ ಕಣ್ಣು ಮುಚ್ಚಿ ತಗೊಳ್ಳುವವನು ನಾನೊಬ್ಬನೇ.

ಆ ಊರಿನ ಕೆಳಗಿನ ಓಣಿಯಲ್ಲಿ ಮಳೆ ಬಂದರೆ ನೀರು ಮನೆಯೊಳಗೆ ನುಗ್ಗುತ್ತಿತ್ತು. ಅದನ್ನು ಹಳ್ಳಕ್ಕೆ ಸಾಗಿಸಲು ಹೊಸ ನಾಲಿ, ಅಂದರೆ ಚರಂಡಿ, ಕಟ್ಟುವ ಕೆಲಸ ನಮ್ಮದು. ಮೊದಲ ದಿನವೇ ಆ ಓಣಿಯ ಜಿಜಾಬಾಯಿ ಎಂಬುವರು ನನಗೆ ಚಹಾ ಕೊಟ್ಟು ಕೇಳಿದ್ದರು: “ಪ್ರತಿ ಮಳಿಗಾಲ ಟ್ರಂಕು ಎತ್ತಿ ಮಂಚದ ಮ್ಯಾಲ ಇಡ್ತೇನ್ರಿ ಸರ. ಈ ಸಲ ಇಡೋದು ಬ್ಯಾಡಲ್ರಿ?”

“ಬ್ಯಾಡ್ರಿ, ಗ್ಯಾರಂಟಿ,” ಎಂದು ಹೇಳಿ ನಾನು ಇನ್ನೊಂದು ಕಪ್ ಚಹಾ ಕುಡಿದಿದ್ದೆ.

ಎತ್ತರ ಅಳೆಯಲು ಎಲ್ಲಿಂದಾದರೂ ಶುರು ಮಾಡಬೇಕಲ್ಲ. ಹಿಂದಿನ ಕಾಲದ ಸರ್ವೆಯವರು ಅದಕ್ಕಾಗಿ ಅಲ್ಲಲ್ಲಿ ಕಲ್ಲಿನ ಮೇಲೆ ಬಾಣದ ಗುರುತು ಕೆತ್ತಿ, ಅದು ಸಮುದ್ರಕ್ಕಿಂತ ಎಷ್ಟು ಎತ್ತರ ಎಂದು ದಾಖಲೆ ಮಾಡಿಟ್ಟಿದ್ದಾರೆ. ನಾವು ಬೆಂಚ್‌ಮಾರ್ಕ್ ಅನ್ನುತ್ತೇವೆ, ಹಳ್ಳಿಯವರು ಬಾಣದ ಕಲ್ಲು ಅನ್ನುತ್ತಾರೆ. ನನ್ನ ಕಾಗದದಲ್ಲಿ ಆ ಊರಿಗೆ ಎರಡು ಬಾಣಗಳಿದ್ದವು. ಒಂದು ಹಳೆಯ ಚಾವಡಿಯ ಕಟ್ಟೆಯಲ್ಲಿ ಕೆತ್ತಿದ್ದು, ಇನ್ನೊಂದು ಚಾವಡಿಯ ಹತ್ತಿರ ನೆಟ್ಟ ಕಲ್ಲು. ಎರಡೂ ಸರಿಸಮ ಎತ್ತರ. ಒಂದರಿಂದ ಅಳತೆ ಶುರುಮಾಡಿ ಇನ್ನೊಂದರಲ್ಲಿ ತಾಳೆ ನೋಡಬೇಕು ಎಂಬುದು ನಿಯಮ.

ಚಾವಡಿಗೆ ಹೋದೆ. ಕಟ್ಟೆಯ ಮುಂದೆ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಅರ್ಧ ನಿಂಬೆಹಣ್ಣು. ಅದನ್ನು ಕಲ್ಲಿಗೆ ಗಸಗಸ ತಿಕ್ಕಿದರು. ಸೆರಗಿನ ಗಂಟಿನಿಂದ ಬಿಳಿ ಹಿಟ್ಟು ತೆಗೆದು ಕಲ್ಲಿಗೆ ಬಳಿದರು. ಬಾಗಿ ಉಫ್ ಎಂದು ಊದಿದರು. ಏನೋ ಗುಣುಗುಟ್ಟಿದರು. ಆಮೇಲೆ ತಟ್ಟನೆ ನನ್ನ ಕಡೆ ತಿರುಗಿ, “ಬಾ, ನಿಂದೇ ದಾರಿ ಕಾಯ್ತಿದ್ದೆ,” ಎಂದರು.

ನಾನು ಅಳತೆ ಕೋಲು ಅಲ್ಲೇ ಬಿಟ್ಟು ಓಡಿದೆ. ಬಾಬಾಸಾಹೇಬರ ಫೋಟೊದ ಕೆಳಗೆ ಬೆಳೆದವನು, ದೆವ್ವ ಭೂತ ಎಂದರೆ ನಗುವವನು. ಬುದ್ಧಂ ಸರಣಂ ಎಂದು ಶುರುಮಾಡಿ ಧಮ್ಮಂ ಎನ್ನುವಷ್ಟರಲ್ಲಿ ಬಸ್‌ಸ್ಟಾಪಿನಲ್ಲಿದ್ದೆ.

ಅರ್ಧ ಗಂಟೆಯ ನಂತರ ನಮ್ಮ ಮೇಸ್ತ್ರಿ ಅಮೀರ ಪಾಶಾ ಕೋಲು ತಂದುಕೊಟ್ಟ. “ಏ ಸಂಘಪಾಲ ಭಾಯ್, ಯಾರೋ ಬಾಯಿ ಚಾ ಹೋಟೆಲಿನಾಗ ಇಟ್ಟು ಹೋಗ್ಯಾರ. ಓಡಿ ಹೋದ ಹುಡುಗಂದು ಅಂತ ಹೇಳ್ಯಾರ. ಹೋಟೆಲಿನವರು ಒಮ್ಮಿಗೇ ನನ್ನ ಕರದು ಕೊಟ್ರು. ಯಾರಂತ ಕೇಳಲೂ ಇಲ್ಲ.”

ಚಾವಡಿಯ ಕಡೆ ಮತ್ತೆ ಹೋಗಲು ಕಾಲು ಬರಲಿಲ್ಲ. ಅದಕ್ಕಿಂತ ಇಪ್ಪತ್ತು ಹೆಜ್ಜೆ ಕೆಳಗೆ, ನಲ್ಲಿಯ ಹತ್ತಿರ, ಬಾಣ ಕೆತ್ತಿದ ಇನ್ನೊಂದು ಕಲ್ಲು ಕಂಡಿತು. ಕಾಗದದಲ್ಲಿದ್ದ ನಂಬರೇ ಅದರ ಮೇಲೂ ಇತ್ತು. ಅಲ್ಲಿಂದಲೇ ಓಣಿಯನ್ನೆಲ್ಲ ಅಳೆದೆ; ಹಳ್ಳದ ಎತ್ತರ ಇಲಾಖೆಯ ನಕ್ಷೆಯಲ್ಲಿ ಮೊದಲೇ ಇತ್ತು. ಪುಸ್ತಕದ ಕೊನೆಗೆ ‘ಚಾವಡಿಯ ಗುರುತಿನೊಂದಿಗೆ ತಾಳೆ ನೋಡಲಾಗಿದೆ, ಸರಿ ಇದೆ’ ಎಂದು ಬರೆದೆ. ನನ್ನ ಅಕ್ಷರ ಅಷ್ಟು ದುಂಡಗೆ ಎಂದೂ ಬಂದಿರಲಿಲ್ಲ.

ಒಂದು ವಾರ ಬಿಟ್ಟು ಬೀದರ್‌ನಿಂದ ಭಾಲ್ಕಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಆ ಹೆಂಗಸು ನನ್ನ ಪಕ್ಕದಲ್ಲೇ ಬಂದು ಕೂತರು. ಬಸ್ಸಿನಿಂದ ಹಾರುವಷ್ಟು ಭಾನಾಮತಿಯ ಭಯ ಇರಲಿಲ್ಲ. ಕೋಲು ನೋಡಿ ಅವರೇ ಗುರುತು ಹಿಡಿದರು.

“ಸಿಕ್ತಲ್ಲ ನಿನ್ನ ಕೋಲು? ಅವತ್ತು ಯಾಕ ಓಡ್ದಿ ತಮ್ಮಾ?”

“ಫೋನ್ ಬಂದಿತ್ರಿ ಮೌಶಿ.” ಚಿಕ್ಕಮ್ಮನ ವಯಸ್ಸಿನವರನ್ನು ನಮ್ಮ ಕಡೆ ಹಾಗೇ ಕರೆಯುವುದು.

“ಫೋನ್ ಬಂದ್ರ ಜನ ನಿಂತು ಮಾತಾಡ್ತಾರ.” ನನ್ನ ಮುಖ ನೋಡಿ, ಅರ್ಥವಾಗಿ, ಹಿಂದಿನ ಸೀಟಿನವರು ಎದ್ದು ನೋಡುವ ಹಾಗೆ ನಕ್ಕರು. “ಭಾನಾಮತಿ ಮಾಡಾಕಿ ಆಗಿದ್ರ, ನಮ್ಮೂರ ಮ್ಯಾಲಿನ ಓಣಿಗಿ ನೀರು ಏರಸಲಿಕ್ಕಿ ದಿನಾ ವಾಲ್ವ್ ಯಾಕ ತಿರುವ್ತಿದ್ದೆಲೇ ನಾ!”

ಕಮಠಾಣದ ಆಚೆಯ ಒಂದು ಸಣ್ಣ ಊರಿನಲ್ಲಿ ನಲ್ಲಿ ನೀರು ಬಿಡುವ ಕೆಲಸ ಅವರದು. ಮೊದಲು ಗಂಡ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ವಾಲ್ವಿನ ಚಾವಿ ಇವರ ಕೈಗೆ ಬಂತು, ಹುದ್ದೆಯ ಹೆಸರು ಮಾತ್ರ ಬದಲಾಗಲಿಲ್ಲ. ಹಾಜರಿ ಪುಸ್ತಕದಲ್ಲಿ ಇವತ್ತಿಗೂ ‘ಭೀಮಬಾಯಿ, ವಾಟರ್‌ಮ್ಯಾನ್’ ಎಂದೇ ಇದೆ. ಕಲಿತದ್ದು ನಾಲ್ಕನೇ ಇಯತ್ತೆ. ವಯಸ್ಸು ಐವತ್ತರ ಮೇಲೆ ಎಷ್ಟೋ; ಆಧಾರ ಕಾರ್ಡು ಒಂದು ಹೇಳುತ್ತದೆ, ಅವರು ಒಂದು ಹೇಳುತ್ತಾರೆ.

ತವರು ಔರಾದ ಕಡೆಯ ಕುರಿ ಸಾಕುವ ಮನೆ. ಒಂಬತ್ತು ವರ್ಷದವರಿದ್ದಾಗ ಅವರ ಅಡವಿಗೆ ಸರ್ವೆಯವರು ಬಂದಿದ್ದರಂತೆ. ಕೋಲು ಹಿಡಿಯುವ ಆಳಿಗೆ ಜ್ವರ ಬಂದದ್ದರಿಂದ ನಾಲ್ಕು ದಿನ ಇವರ ಅಪ್ಪನೇ ಹಿಡಿದರು. ಸರ್ವೆ ಸಾಹೇಬರು ಒಮ್ಮೆ ಈ ಹುಡುಗಿಗೂ ಯಂತ್ರದೊಳಗೆ ನೋಡಲು ಬಿಟ್ಟರು. ಹಳೆಯ ಯಂತ್ರಗಳಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು.

“ನಮ್ಮಪ್ಪ ತೆಲಿ ಕೆಳಗ ಮಾಡಿ ನಿಂತಿದ್ದ ತಮ್ಮಾ. ಕುರಿ ಸುದ್ದಾ ಆಕಾಶದಾಗ ಮೇಯ್ತಿದ್ವು. ನಾ ಚೀರಿದೆ. ಆ ಸಾಹೇಬ ಬೈಲಿಲ್ಲ. ಕುಂದ್ರಿಸಿಕೊಂಡು ತಿಳಿಸಿ ಹೇಳ್ದ. ಈ ಬಾಣ ನೋಡವ್ವಾ, ಸಮುದ್ರದ ಎತ್ತರ ನಾವು ಕೋಲಿನ ಮ್ಯಾಲ ಕೋಲು ಇಟ್ಟು ನಡಕೋತ ಇಲ್ಲಿ ತನಕ ತಂದೇವಿ ಅಂದ.”

ಆ ಮಾತು ಅವರಿಗೆ ನೆನಪಾದದ್ದು ಮೂವತ್ತು ವರ್ಷದ ನಂತರ, ಗ್ರಾಮಸಭೆಯಲ್ಲಿ. ಮೇಲಿನ ಓಣಿಯವರು ಎದ್ದು, ಭೀಮಬಾಯಿ ನಮ್ಮ ನೀರು ಕೆಳಗಿನ ಓಣಿಗೆ ಮಾರುತ್ತಾಳೆ ಎಂದು ಗದ್ದಲ ಮಾಡಿದರು. ಇವರು ಮರುದಿನ ಒಬ್ಬ ಮೇಸ್ತ್ರಿಯಿಂದ ಲೆವೆಲ್ ಪೈಪ್ ಕೇಳಿ ತಂದರು. ಗಾರೆಯವರು ಗೋಡೆ ಸರಿಸಮ ಇದೆಯೇ ಎಂದು ನೋಡುವ, ನೀರು ತುಂಬಿದ ಪಾರದರ್ಶಕ ಪೈಪು ಅದು. ಎರಡು ತುದಿಯಲ್ಲೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಶಾಲೆಯ ಮೆಟ್ಟಿಲಿನ ಮೇಲಿದ್ದ ಬಾಣದ ಗುರುತಿನಿಂದ ಹಿಡಿದು ಇಡೀ ಊರು ಅಳೆದರು. ಮುಂದಿನ ಸಭೆಯಲ್ಲಿ ಎದ್ದು ನಿಂತು, “ನಾ ನೀರು ಕದಿಯಲ್ರಿ. ನಿಮ್ಮ ಓಣಿನೇ ಹನ್ನೊಂದು ಫೂಟ ಮ್ಯಾಲ ಕುಂತದ,” ಎಂದರು. ಅಂದಿನಿಂದ ಮೊದಲು ಕೆಳಗಿನ ವಾಲ್ವ್ ಮುಚ್ಚಿ ಮೇಲಿನ ಓಣಿಗೆ ನೀರು ಬಿಡುತ್ತಾರೆ. ನೀರು ಏರುತ್ತದೆ.

ಹೀಗೆ ಹತ್ತಿದ ಚಟ ಬಿಡಲಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಭಾನುವಾರ ಬಂದರೆ ಸಾಕು, ಚೀಲದಲ್ಲಿ ನಾಲ್ಕು ರೊಟ್ಟಿ, ಲೆವೆಲ್ ಪೈಪು, ಒಂದು ನಿಂಬೆಹಣ್ಣು, ಸೆರಗಿನಲ್ಲಿ ಜೋಳದ ಹಿಟ್ಟು. ನಿಂಬೆ ಕಲ್ಲಿನ ಪಾಚಿ ತೆಗೆಯಲಿಕ್ಕೆ. ಹಿಟ್ಟು ಬಳಿದರೆ ಸವೆದ ಅಕ್ಷರಗಳು ಎದ್ದು ಕಾಣುತ್ತವೆ. ಗುಣುಗುಟ್ಟಿದ್ದು ಅಂಕಿಗಳನ್ನು. ‘ನಿಂದೇ ದಾರಿ ಕಾಯ್ತಿದ್ದೆ’ ಎಂದದ್ದು, ಓದಲು ಒಬ್ಬ ಹರೆಯದವನ ಕಣ್ಣು ಬೇಕಿತ್ತು ಎಂದು. ಗಡಿ ದಾಟಿದರೆ ಫ್ರೀ ಟಿಕೆಟ್ ನಡೆಯುವುದಿಲ್ಲ. ಹೀಗಾಗಿ ಭೀಮಬಾಯಿಯವರ ಲೆಕ್ಕದಲ್ಲಿ ಬಾಣದ ಕಲ್ಲುಗಳು ಇರುವುದು ಕರ್ನಾಟಕದಲ್ಲಿ ಮಾತ್ರ.

ಬಸ್ಸಿನಲ್ಲಿ ಅವರು ತಮ್ಮ ನೋಟ್‌ಬುಕ್ ತೋರಿಸಿದರು. ಪ್ರತಿ ಕಲ್ಲಿನ ಎದುರು ಒಂದೇ ಶಬ್ದ. ಇದ್ದಲ್ಲೇ ಇದ್ದರೆ ‘ಕುಂತಾನ’. ಔರಾದ ಹತ್ತಿರದ ಒಂದಕ್ಕೆ ‘ದೇವರಾಗ್ಯಾನ’ ಎಂದಿತ್ತು.

“ಯಾರೋ ಕುಂಕುಮ ಹಚ್ಚಿ ಕಾಯಿ ಒಡದಾರ. ಕೈ ಮುಗದು ಬಂದೆ. ಒಮ್ಮಿ ದೇವ್ರಾದ ಮ್ಯಾಲ ಓದಾಕ ಆಗಲ್ಲ ತಮ್ಮಾ.”

ನಮ್ಮ ಕೆಲಸದ ಊರಿನ ಪುಟ ಬಂತು. ಚಾವಡಿಯ ಗುರುತಿನ ಎದುರು ‘ಕುಂತಾನ’. ಅದರ ಕೆಳಗೆ, ನಲ್ಲಿಯ ಕಲ್ಲಿನ ಎದುರು, ‘ನಡದಾನ’.

“ನಡದಾನ ಅಂದ್ರ?”

“ಅರಬಿ ಒಗಿಲಿಕ್ಕಿ ಚಲೋ ಚಪ್ಪಟ ಕಲ್ಲು ಅಂತ ಹೆಣ್ಮಕ್ಕಳು ನಲ್ಲಿ ಹತ್ರ ಎಳದು ಒಯ್ದಾರ. ಭಾಳ ವರ್ಷ ಆತು.”

ನಾನು ಚೀಲದಿಂದ ಲೆವೆಲ್ ಪುಸ್ತಕ ತೆಗೆದು ಕೊನೆಯ ಪುಟ ನೋಡಿದೆ. ಕಲ್ಲು ಇಳಿದು ಬಂದದ್ದನ್ನು ತಿಳಿಯದೆ, ಅದರ ಹಳೆಯ ಎತ್ತರವನ್ನೇ ನಾನು ನಂಬಿದ್ದೆ. ಹಾಗಾದರೆ ಅದರಿಂದ ಅಳೆದ ಜಿಜಾಬಾಯಿಯ ಓಣಿ ನನ್ನ ಕಾಗದದಲ್ಲಿ ನಿಜವಾದ ಎತ್ತರಕ್ಕಿಂತ ಮೇಲೆ ಕೂತಿದೆ. ಕಾಗದದ ಮೇಲೆ ನೀರು ಹಳ್ಳಕ್ಕೆ ಓಡುತ್ತದೆ, ನೆಲದ ಮೇಲೆ ಹಿಂದೆ ಬಂದು ಮಂಚದ ಕೆಳಗೆ ನಿಲ್ಲುತ್ತದೆ. ಅಂದೇ ಹನ್ನೊಂದಕ್ಕೆ ಕಾಂಕ್ರೀಟ್ ಹಾಕುವವರಿದ್ದರು. ನಾನು ಮೌಶಿಗೆ ಎಲ್ಲವನ್ನೂ ಹೇಳಿದೆ, ದುಂಡಗಿನ ಅಕ್ಷರದ ಸುಳ್ಳನ್ನೂ.

ಊರಿನ ಸ್ಟಾಪು ಬರುತ್ತಲೇ “ಇಳಿ,” ಎಂದರು, ತಾವೂ ಇಳಿದರು.

ಚಾವಡಿಯ ಬಾಣಕ್ಕೆ ಪೈಪಿನ ಒಂದು ತುದಿ ಅವರು ಹಿಡಿದರು, ನಲ್ಲಿಯ ಕಲ್ಲಿನ ಹತ್ತಿರ ಇನ್ನೊಂದು ತುದಿ ನಾನು ಹಿಡಿದೆ. ನೀರು ಅಲ್ಲಾಡಿ ನಿಂತಿತು. ಕಲ್ಲು ಎರಡು ಫೂಟು ಕೆಳಗಿತ್ತು. ನಡುವೆ ಅರಿವೆ ತೊಳೆಯುತ್ತಿದ್ದ ಹೆಣ್ಣುಮಗಳು, “ಸರೀರಿ, ನೀರು ಸಿಡೀತದ,” ಎಂದು ನನ್ನ ಬೆಂಚ್‌ಮಾರ್ಕಿನ ಮೇಲೆ ಒಂದು ಚಾದರ ಬಡಿದಳು.

ಸೈಟಿಗೆ ನಡೆಯುವಾಗ ನಾನು ಬೇಡಿಕೊಂಡೆ. “ಮೌಶಿ, ಲೆವೆಲ್ ತಪ್ಪದ ಅಂತ ನಾನೇ ಹೇಳ್ತೇನಿ. ಆದ್ರ ತಾಳೆ ನೋಡಿದ್ದೆ ಅಂತಿರಲಿ. ಸುಳ್ಳು ಬರದೀನಿ ಅಂತ ಗೊತ್ತಾದ್ರ ನನ್ನ ಕೆಲಸ ಹೋಗ್ತದ.”

ಅವರು ಪೈಪು ಸುತ್ತುತ್ತಾ ಹೇಳಿದರು: “ಸಮುದ್ರದಿಂದ ಔರಾದ ತನಕ ಬಿಸಿಲಾಗ ನಡಕೋತ ಬಂದ್ರಲ್ಲ, ಅವರ ಹೆಸರು ಯಾರಿಗಿ ಗೊತ್ತದ? ನಡುವ ಒಬ್ಬಂವ ನೋಡಲಾರದ ನೋಡೀನಿ ಅಂತ ಬರದಿದ್ರ ನಮ್ಮೂರ ಮ್ಯಾಲಿನ ಓಣಿಗಿ ಇವತ್ತು ನೀರಿಲ್ಲ. ಬಾಣ ಸಿಕ್ಕಾಗೆಲ್ಲಾ ನಾ ಅವರಿಗಿ ಒಂದು ಕೈ ಮುಗೀತೇನಿ.”

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕೆಲಸ ಉಳಿಯಿತು. ಎರಡು ದಿನ ಅಗೆದದ್ದನ್ನೇ ಮತ್ತೆ ಅಗೆದೆವು. ಆಳುಗಳ ಸಂಗಡ ನಾನೂ ಗುದ್ದಲಿ ಹಿಡಿದೆ, ಅದು ನನಗೆ ಸಿಕ್ಕ ಶಿಕ್ಷೆ. ಕಳೆದ ಮಳೆಗಾಲದಲ್ಲಿ ಮೂರು ದಿನ ಜಡಿಮಳೆ ಹಿಡಿದಾಗ ನಾನು ಬೀದರ್‌ನ ಮನೆಯಲ್ಲಿ ನೆಮ್ಮದಿಯಿಂದ ಭಜಿ ತಿಂದೆ. ಜಿಜಾಬಾಯಿಯ ಟ್ರಂಕು ನೆಲದ ಮೇಲೇ ಇತ್ತು. ಈಗ ಭಾನುವಾರ ನಾನೂ ಮೌಶಿಯ ಜೊತೆ ಹೋಗುತ್ತೇನೆ. ಅವರಿಗೆ ಫ್ರೀ, ನನಗೆ ಟಿಕೆಟ್. ಔರಾದ ದಾರಿಯಲ್ಲಿ ಹೋಗುವಾಗ ಜನವಾಡದಲ್ಲಿ ಇಳಿದು ಚಹಾ ಕುಡಿಯುತ್ತೇವೆ. ಬೀದರ್ ರೈಲ್ವೆ ನಿಲ್ದಾಣದ ಹಳದಿ ಫಲಕದ ಕೆಳಗೆ ಊರಿನ ಎತ್ತರ ಬರೆದಿದೆ ಎಂಬುದನ್ನು, ಅಲ್ಲೇ ಬೆಳೆದ ನನಗೆ ತೋರಿಸಿದವರು ಅವರು. ನಿಂಬೆಹಣ್ಣು ತರುವುದು ಈಗ ನನ್ನ ಜವಾಬ್ದಾರಿ. ಈ ಉಪಕಾರಕ್ಕೆ ನಾನು ತೀರಿಸುವ ಋಣ ವಾರಕ್ಕೊಂದು ನಿಂಬೆಹಣ್ಣು.

ಆದರೆ ಆವತ್ತು ಇದೊಂದೂ ಗೊತ್ತಿರಲಿಲ್ಲ. ಸೈಟಿನಲ್ಲಿ ಮಿಕ್ಸರ್ ತಿರುಗುತ್ತಿತ್ತು. ನಮ್ಮ ಇಂಜಿನಿಯರ್ ಅಮಿತಕುಮಾರ ಸರ್ ಛತ್ರಿ ಹಿಡಿದು ನಿಂತಿದ್ದರು.

“ಸರ್, ನಿಲ್ಲಿಸ್ರಿ. ಲೆವೆಲ್ ತಪ್ಪದರಿ. ಎರಡು ಫೂಟ,” ಎಂದೆ.

ಮಿಕ್ಸರ್ ನಿಂತಿತು. ಅಮೀರ ಪಾಶಾ ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಅಮಿತಕುಮಾರ ಸರ್ ನನ್ನ ಪುಸ್ತಕ ಇಸಿದುಕೊಂಡು ಕೊನೆಯ ಪುಟ ತೆಗೆದರು.

“ಚಾವಡಿ ಗುರುತಿಗಿ ತಾಳೆ ನೋಡೀನಿ ಅಂತ ಬರದೀಯಲ್ಲ?”

“ಅದು ಸರ್... ಅವತ್ತು ಬಿಸಿಲು ಭಾಳ ಇತ್ತು...”

ಅವರು ನನ್ನನ್ನು ಬಿಟ್ಟು ಪೈಪು ಹಿಡಿದು ನಿಂತಿದ್ದ ಭೀಮಬಾಯಿಯ ಕಡೆ ತಿರುಗಿದರು. “ಬಾಯಾರ, ಅವತ್ತು ಇವನ ಕೋಲು ಚಾ ಹೋಟೆಲಿನಾಗ ಇಟ್ಟು ಹೋದ ಬಾಯಿ ನೀವೇ ಏನ್ರಿ? ಹಂಗಾರ ನೀವೇ ಹೇಳ್ರಿ. ಇಂವ ಆ ಗುರುತು ನೋಡ್ಯಾನೋ ಇಲ್ಲೋ?”

ನಾನು ಮೌಶಿಯ ಮುಖ ನೋಡಿದೆ. ಕಣ್ಣಲ್ಲೇ ಎಷ್ಟು ಬೇಡಬಹುದೋ ಅಷ್ಟು ಬೇಡಿದೆ. ಅವರು ನನ್ನ ಕಡೆ ನೋಡಲಿಲ್ಲ.

“ಇಲ್ರಿ ಸಾಹೇಬ್ರ. ನನ್ನ ನೋಡಿ ಓಡಿ ಹೋದ. ಇವತ್ತು ಓಡಿಲ್ಲ.”