ಬಚ್ಚಲೊಲೆಯ ಬೆನೆಡಿಕ್ಟ್

೧೯೭೯ರಲ್ಲಿ ನಾನು ಕಡಬದಲ್ಲಿ ವೈದ್ಯನಾಗಿದ್ದೆ. ಎರಡು ಬೆಂಚು, ಒಂದು ಸ್ಪಿರಿಟ್ ದೀಪ, ಇಷ್ಟೇ ನನ್ನ ಕ್ಲಿನಿಕ್ಕಿನ ವೈಭವ. ಬೆರಳು ಚುಚ್ಚಿ ಮನೆಯಲ್ಲೇ ಸಕ್ಕರೆ ನೋಡುವ ಯಂತ್ರವನ್ನು ನಾವಿನ್ನೂ ಕಂಡಿರಲಿಲ್ಲ. ನಮ್ಮ ಪಾಲಿಗಿದ್ದದ್ದು ಬೆನೆಡಿಕ್ಟ್ ಎಂಬ ನೀಲಿ ದ್ರಾವಣ. ಗಾಜಿನ ನಳಿಗೆಯಲ್ಲಿ ಅದನ್ನು ಹಾಕಿ, ಎಂಟು ಹನಿ ಮೂತ್ರ ಬೆರೆಸಿ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸುರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು, ಹೀಗೆ ಬಣ್ಣ ಏರಿದಷ್ಟೂ ಸಕ್ಕರೆ ಹೆಚ್ಚು. ಈಗಿನ ಡಾಕ್ಟರರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ, ನನಗೆ ಆ ನೀಲಿಯ ಮೇಲೆ ಇನ್ನೂ ಪ್ರೀತಿ ಉಂಟು.

ಒಂದು ದಿನ ನೆಟ್ಟಣದ ಕಡೆಯಿಂದ ಸೀತಮ್ಮ ಬಾಣಂತನಕ್ಕೆ ಬಂದಿದ್ದ ಮಗಳು ಕುಸುಮಳನ್ನು ಕರೆತಂದರು. ಮಗುವಿಗೆ ಎರಡು ತಿಂಗಳು. ಕುಸುಮಳಿಗೆ ವಿಪರೀತ ಬಾಯಾರಿಕೆ, ಸುಸ್ತು. ಪರೀಕ್ಷೆ ಮಾಡಿದರೆ ನಳಿಗೆ ಹಸುರಾಯಿತು. ಸೀತಮ್ಮನ ಮುಖ ಬಿಳಿಚಿತು. ಅವರ ಗಂಡನ ಕಾಲು ಕತ್ತರಿಸಿದ್ದು, ಮರುವರ್ಷ ಅವರು ತೀರಿಕೊಂಡದ್ದು ಎರಡೂ ಸಕ್ಕರೆ ಕಾಯಿಲೆಯಿಂದಲೇ.

"ಈಗಲೇ ಹೆದರಬೇಡಿ. ರಕ್ತಪರೀಕ್ಷೆ ಆಗದೆ ಏನೂ ಹೇಳಲಿಕ್ಕಾಗುದಿಲ್ಲ" ಎಂದೆ. ಪುತ್ತೂರಿನ ಲ್ಯಾಬಿನಲ್ಲಿ ಅದಕ್ಕೆ ಬೇಕಾದ ರಾಸಾಯನಿಕ ಮುಗಿದಿತ್ತು, ಹೊಸದು ಬರಲು ವಾರ ಹಿಡಿಯುತ್ತಿತ್ತು. ಅಲ್ಲಿಯವರೆಗೆ ಮನೆಯಲ್ಲೇ ನೋಡಲೆಂದು ನಳಿಗೆ, ದ್ರಾವಣ ಕೊಟ್ಟು ಕಳಿಸಿದೆ.

ಅಡುಗೆಮನೆಯ ಒಲೆಯ ಹತ್ತಿರ ಇದನ್ನು ತರಲು ಸೀತಮ್ಮ ಬಿಡುತ್ತಾರೆಯೇ! ಬಾಣಂತಿಗೆ ಮೀಯಲು ಬಚ್ಚಲಿನಲ್ಲಿ ಹಂಡೆ ಕುದಿಯುತ್ತಿತ್ತಲ್ಲ, ಅದರ ಬಿಸಿನೀರನ್ನು ಡಬ್ಬಕ್ಕೆ ತುಂಬಿ, ಆ ಒಲೆಯ ಕೆಂಡದ ಮೇಲಿಟ್ಟು ನಳಿಗೆ ಅದ್ದಿದರು. ಪುಸ್ತಕದಲ್ಲಿ ಹೇಳಿದ ಕ್ರಮವೂ ಹೆಚ್ಚು ಕಡಿಮೆ ಅದೇ.

ವಾರ ತುಂಬುವ ಮೊದಲೇ ಇಬ್ಬರೂ ಓಡಿಬಂದರು. ಸೀತಮ್ಮ ಸೆರಗಿನಲ್ಲಿ ಸುತ್ತಿ ತಂದ ನಳಿಗೆಯಲ್ಲಿ ಇಟ್ಟಿಗೆಯ ಕೆಂಪು.

"ಅನ್ನ ಬಿಟ್ಟಳು, ಬೆಲ್ಲ ಬಿಟ್ಟಳು. ಆದರೂ ಏರುದೇ! ಇದೆಂತ ಡಾಕ್ಟ್ರೆ?"

ನನಗೂ ತಲೆ ಕೆಟ್ಟಿತು. ಕುಸುಮಳ ಹೆಗಲಲ್ಲಿದ್ದ ಮಗು ಒಂದೇ ಸಮನೆ ಕಿರುಚುತ್ತಿತ್ತು. ಸೀತಮ್ಮ ಚೀಲದಿಂದ ಹಾಲಿನ ಬಾಟ್ಲಿ ತೆಗೆದರು. ಕುಸುಮಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು.

"ಎದೆಹಾಲು ಕೊಡುದಿಲ್ವಾ?" ಎಂದು ಕೇಳಿದೆ.

ಕುಸುಮ ತಲೆ ತಗ್ಗಿಸಿದಳು. "ನಿಲ್ಲಿಸಿ ಮೂರು ದಿನ ಆಯ್ತು. ನನ್ನ ಹಾಲಿನಲ್ಲಿ ಸಕ್ಕರೆ ಹೋಗಿ ಮಗುವಿಗೂ ಹಿಡಿದರೆ? ಎದೆ ಕಲ್ಲಿನ ಹಾಗೆ ಆಗಿದೆ ಡಾಕ್ಟ್ರೆ, ನೋವು ತಡೀಲಿಕ್ಕಾಗುದಿಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಜೊತೆಗೆ ತಟ್ಟನೆ ಹೊಳೆಯಿತು. ಎದೆಹಾಲಿನಲ್ಲೂ ಒಂದು ಸಕ್ಕರೆ ಇರುತ್ತದೆ, ಲ್ಯಾಕ್ಟೋಸ್. ಹಾಲುಣಿಸುವಾಗಲೂ ಅದು ತುಸು ಮೂತ್ರಕ್ಕೆ ಇಳಿಯುವುದುಂಟು, ಹಾಲು ಕಟ್ಟಿಕೊಂಡರೆ ರಕ್ತಕ್ಕೆ ಸೇರಿ ಇನ್ನೂ ಹೆಚ್ಚು ಇಳಿಯುತ್ತದೆ. ಬೆನೆಡಿಕ್ಟ್‌ಗೆ ಸಕ್ಕರೆ ಸಕ್ಕರೆಯೇ, ಕಾಯಿಲೆಯದ್ದು ಯಾವುದು, ತಾಯಿಯದ್ದು ಯಾವುದು ಎಂದು ಅದಕ್ಕೆ ತಿಳಿಯದು.

"ಕಾಯಿಲೆ ಇದ್ದರೂ ಹಾಲು ಕೊಡಬಹುದು ಮಾರಾಯ್ತಿ! ಒಳಗೆ ಹೋಗಿ ಈಗಲೇ ಕೊಡು" ಎಂದು ಗದರಿದೆ. ಬಾಟ್ಲಿಗೆ ಒಗ್ಗಿದ್ದ ಮಗು ಮೊದಲು ಮುಖ ತಿರುಗಿಸಿತಂತೆ. ಆಮೇಲೆ ಪರದೆಯಾಚೆ ಅಳು ನಿಂತಿತು.

ದಿನದಿಂದ ದಿನಕ್ಕೆ ಕೆಂಪು ಇಳಿದು ತಿಳಿಹಸುರಿಗೆ ಬಂತು. ಆದರೂ ರಕ್ತಪರೀಕ್ಷೆಯ ಫಲಿತಾಂಶ ಬರುವ ತನಕ ನನಗೆ ಸಮಾಧಾನ ಇರಲಿಲ್ಲ. ಪುತ್ತೂರಿನಿಂದ ಚೀಟಿ ಬಂತು: ಸಕ್ಕರೆ ಸರಿಯಾಗಿದೆ, ಡಯಾಬಿಟಿಸ್ ಇಲ್ಲ. ಹಾಲುಣಿಸುವ ತಾಯಿಗೆ ಬಾಯಾರಿಕೆ ಸಹಜ ಎಂದು ವಿವರಿಸಿದೆ. ಸೀತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು:

"ಹಾಗಾದ್ರೆ ಆ ಕೆಂಪು ಎಂತದ್ದು?"

"ಅದು ಮಗುವಿನ ಪಾಲು ಸೀತಮ್ಮ. ನೀವು ಕೊಡಲಿಲ್ಲ, ಅದು ನಳಿಗೆಗೆ ಬಂತು."

ಮುಂದೆ ಎಷ್ಟೋ ಮನೆಗಳಿಗೆ ನಳಿಗೆ ಕೊಟ್ಟೆ, ಕೊನೆಕೊನೆಗೆ ಯಂತ್ರವನ್ನೂ ಕೊಟ್ಟೆ. ಆದರೆ ಅವರು ತಿರುಗಿ ಬಂದಾಗ ಬಣ್ಣ ಏನು, ಅಂಕಿ ಎಷ್ಟು ಎಂದು ನಾನು ಮೊದಲು ಕೇಳಿದ್ದಿಲ್ಲ. "ಹೆದರಿ ಎಂತ ಬಿಟ್ಟಿದ್ದೀರಿ?" ಎಂದೇ ಕೇಳುತ್ತಿದ್ದೆ.